ಎಕ್ಸ್‌ರೇ ಗಾಡಿ ಮನೆಯಾದದ್ದು

ನರ್ಸಕ್ಕ ಇಪ್ಪತ್ತೆರಡು ವರ್ಷ ಕೆಲಸ ಮಾಡಿದ್ದು ಯಾವ ಆಸ್ಪತ್ರೆಯ ವಾರ್ಡಿನಲ್ಲೂ ಅಲ್ಲ, ಒಂದು ಗಾಡಿಯೊಳಗೆ. ಬಸ್ಸಿನಷ್ಟು ಉದ್ದದ ಬಿಳಿ ಗಾಡಿ. ಊರೂರಿಗೆ ಹೋಗಿ, ಶಾಲೆಯ ಮೈದಾನದಲ್ಲೋ ಕಾರ್ಖಾನೆಯ ಗೇಟಿನ ಎದುರೋ ನಿಂತು, ಕೆಮ್ಮುವವರ ಎದೆಯ ಎಕ್ಸ್‌ರೇ ತೆಗೆಯುವುದು ಅದರ ಕೆಲಸ. ಸಾಲಿನಲ್ಲಿ ನಿಂತವರ ಹೆಸರು ಕೂಗುವುದು, ಹೆದರಿದವರಿಗೆ ಧೈರ್ಯ ಹೇಳುವುದು, ಕೊರಳ ಸರ ಬಿಚ್ಚಿಸಿ ಡಬ್ಬಿಯಲ್ಲಿಟ್ಟು ಮರಳಿ ಕೊಡುವುದು ಅವಳ ಕೆಲಸ. ಒಳಗಿನ ಕತ್ತಲೆಕೋಣೆಯಲ್ಲಿ ಕೆಂಪು ದೀಪ ಹಾಕಿಕೊಂಡು ಫಿಲ್ಮ್ ತೊಳೆಯುತ್ತಿದ್ದವರನ್ನು ಎಲ್ಲರೂ ಫೋಟೋದವರು ಎಂದೇ ಕರೆಯುತ್ತಿದ್ದರು. ಮಾತು ಕಡಿಮೆ. ದಿನಕ್ಕೆ ಹತ್ತು ಮಾತಾಡಿದರೆ ಅದರಲ್ಲಿ ಒಂಬತ್ತು, "ಬಾಗಿಲು ತೆಗೀಬೇಡಿ ಸಿಸ್ಟರ್."

ಬರಬರುತ್ತಾ ಸಣ್ಣ ಊರುಗಳಿಗೂ ಯಂತ್ರಗಳು ಬಂದವು. ಗಾಡಿ ಆರೋಗ್ಯ ಇಲಾಖೆಯ ಶೆಡ್ಡಿನ ಹಿಂದೆ ಧೂಳು ತಿನ್ನುತ್ತಾ ನಿಂತಿತು. ಫೋಟೋದವರು ನಿವೃತ್ತರಾಗಿ ಮಗಳ ಮನೆ ಸೇರಿದರು. ಕೆಲವು ವರ್ಷದ ಮೇಲೆ ನರ್ಸಕ್ಕನೂ ನಿವೃತ್ತಳಾಗಿ ಮನೆಗೆ ಬಂದಳು. ಗಾಡಿಯನ್ನು ಹರಾಜಿಗಿಟ್ಟ ಸುದ್ದಿ ಕಿವಿಗೆ ಬಿದ್ದ ದಿನ ಅವಳಿಗೆ ಊಟ ಸೇರಲಿಲ್ಲ.

"ಅದನ್ನ ತಗೊಂಡು ಏನ್ಮಾಡ್ತೀಯ ಅಕ್ಕ?" ಎಂದ ತಮ್ಮ. ಅವನು ಬಡಗಿ, ಒಂಟಿ ಜೀವ, ಅಕ್ಕನ ಮನೆಯಲ್ಲೇ ಇದ್ದ.

"ಮನೆ ಮಾಡ್ತೀನಿ. ನೂರು ಊರು ಸುತ್ತಿದೀನಿ ಕಣೋ, ಒಂದೂರನ್ನೂ ನೋಡಿಲ್ಲ. ಬರೀ ಊರಿನವರ ಎದೆಗೂಡು ನೋಡಿದ್ದಾಯ್ತು."

ಹರಾಜಿನಲ್ಲಿ ಗಾಡಿ ಅವಳ ಪಾಲಾಯಿತು. ತಮ್ಮನಿಗೆ ಕೆಲಸ ಹಿಡಿಸಿತು. ಯಂತ್ರವಿದ್ದ ಜಾಗದಲ್ಲಿ ಅಡುಗೆಕಟ್ಟೆ ಎದ್ದಿತು. ಹಿಂದುಗಡೆ ಒಂದರ ಮೇಲೊಂದು ಎರಡು ಮಂಚ, ಚಾವಣಿಯ ಮೇಲೆ ನೀರಿನ ಟ್ಯಾಂಕು. ಕತ್ತಲೆಕೋಣೆ ಬಚ್ಚಲಾಯಿತು, ಅಲ್ಲಿ ಫಿಲ್ಮ್ ಡಬ್ಬಿ ಇಡುತ್ತಿದ್ದ ಗೋಡೆ ಬೀರುವಿಗೆ ಮಾತ್ರ ಹೊಸ ಬಾಗಿಲು ಹಾಕಿ ಹಾಗೇ ಬಿಟ್ಟ. ಇತ್ತ ನರ್ಸಕ್ಕ ಭಾರಿ ವಾಹನದ ಲೈಸೆನ್ಸಿಗೆ ಹೊರಟಳು. ರಿವರ್ಸ್ ಹೋಗುವಾಗ ಎರಡು ಸಲ ಕಂಬ ಬೀಳಿಸಿ ಫೇಲಾದಳು. ಮೂರನೇ ಸಲ ಪಾಸು ಮಾಡಿದ ಪರೀಕ್ಷಕರು, "ಕಂಬಕ್ಕೂ ನಿಮ್ಮ ಗುರುತು ಸಿಕ್ಕಿರ್ಬೇಕು, ತಾನೇ ಪಕ್ಕಕ್ಕೆ ಸರಿದಿದೆ" ಎಂದರಂತೆ.

ಇನ್ನು ಉಳಿದದ್ದು ತಪಾಸಣೆ. ಗಾಡಿಯ ಹಳೇ ಕಾಗದದಲ್ಲಿ ವೈದ್ಯಕೀಯ ವಾಹನ ಎಂದಿತ್ತು. ಅದನ್ನು ತೆಗೆಸಿ ವಾಸದ ವಾಹನ ಎಂದು ಬರೆಸದೆ ರಸ್ತೆಗಿಳಿಯುವ ಹಾಗಿರಲಿಲ್ಲ. ಇನ್ಸ್‌ಪೆಕ್ಟರ್ ವಯಸ್ಸಿನಲ್ಲಿ ಚಿಕ್ಕವರು, ಕಣ್ಣು ಮಾತ್ರ ಹದ್ದಿನದು. ಬ್ರೇಕು, ದೀಪ, ತುರ್ತು ಕಿಟಕಿ, ಗ್ಯಾಸ್ ಸಿಲಿಂಡರಿನ ಪೆಟ್ಟಿಗೆ ಎಲ್ಲ ಬಗ್ಗಿ ಬಗ್ಗಿ ನೋಡಿದರು. ಎಲ್ಲವೂ ಸರಿಯಿತ್ತು. ಕೊನೆಗೆ ಗಾಡಿಯನ್ನು ಲಾರಿ ತೂಗುವ ವೇಬ್ರಿಡ್ಜಿನ ಮೇಲೆ ಹತ್ತಿಸಿದರು. ಚೀಟಿ ನೋಡಿ ಹುಬ್ಬೇರಿಸಿದರು.

"ನಿಮ್ಮ ಲೆಕ್ಕಕ್ಕಿಂತ ಐದು ಕ್ವಿಂಟಲ್ ಜಾಸ್ತಿ ಇದೆಯಮ್ಮ. ಒಳಗೇನು ಕಲ್ಲು ತುಂಬಿದೀರಾ?"

ತಮ್ಮನ ಮುಖ ಸಣ್ಣದಾಯಿತು. "ಒಂದೊಂದು ಹಲಗೇನೂ ತೂಗೇ ಹಾಕಿದೀನಿ ಸಾರ್."

"ಹಾಗಾದ್ರೆ ತೂಗದೇ ಇರೋದು ಯಾವುದೋ ಒಳಗಿದೆ. ಹುಡುಕಿ ತೆಗೆಸಿಕೊಂಡು ಬನ್ನಿ. ಹೀಗೆ ಪಾಸ್ ಮಾಡೋಕಾಗಲ್ಲ."

ಹೊರಗೆ ಬಂದು ಸ್ಟೀರಿಂಗ್ ಹಿಡಿದಾಗ ನರ್ಸಕ್ಕನಿಗೆ ಥಟ್ಟನೆ ಹೊಳೆಯಿತು. ಸೀಸ! ಎಕ್ಸ್‌ರೇ ಕಿರಣ ಫಿಲ್ಮಿಗೆ ತಾಗದಿರಲೆಂದು ಕತ್ತಲೆಕೋಣೆಯ ಗೋಡೆಯೊಳಗೆ ಸೀಸದ ತಗಡು ಸೇರಿಸಿದ್ದರು. ಯಂತ್ರದ ಜೊತೆ ಇಲಾಖೆಯವರು ಅದನ್ನೂ ಬಿಚ್ಚಿಕೊಂಡಿರುತ್ತಾರೆ ಎಂದು ಅವಳು ಅಂದುಕೊಂಡಿದ್ದಳು. ಆ ಗೋಡೆಯ ಒಳಗುಟ್ಟು ಬಲ್ಲವರು ಒಬ್ಬರೇ.

ಫೋನಿನಲ್ಲಿ ಫೋಟೋದವರು ಎಲ್ಲ ಕೇಳಿಸಿಕೊಂಡು, "ನಾನು ಬರೋವರೆಗೂ ಗೋಡೆ ಮುಟ್ಟಬೇಡಿ ಸಿಸ್ಟರ್" ಎಂದರು. ಮರುದಿನ ಬೆಳಿಗ್ಗೆಯೇ ಊರುಗೋಲು ಹಿಡಿದು ಬಸ್ಸಿಳಿದರು. ನರ್ಸಕ್ಕ ಅವರನ್ನು ಒಂಬತ್ತು ವರ್ಷದ ಮೇಲೆ ನೋಡುತ್ತಿದ್ದಳು. ಕೂದಲೆಲ್ಲ ಬೆಳ್ಳಗಾಗಿತ್ತು. ಆದರೂ ಗಾಡಿಯ ಮೆಟ್ಟಿಲು ಹತ್ತುವಾಗ ತಾವಾಗಿಯೇ ತಲೆ ಬಗ್ಗಿಸಿದರು; ಆ ಬಾಗಿಲು ಗಿಡ್ಡ, ಅದನ್ನು ಅವರ ಮೈ ಇನ್ನೂ ಮರೆತಿರಲಿಲ್ಲ. ಒಳಗೆ ಹೋಗಿ ಮೂಗರಳಿಸಿದರು.

"ಫಿಲ್ಮ್ ತೊಳೆಯೋ ಔಷಧಿ ವಾಸನೆಯೇ ಇಲ್ಲ."

"ಇದ್ದಿದ್ರೆ ಅಡುಗೆ ಹೇಗೆ ಮಾಡೋದು ಫೋಟೋದವರೇ?" ಎಂದು ನಕ್ಕಳು. ಆದರೆ ಆ ವಾಸನೆ ಅವಳಿಗೂ ಬೇಕೆನಿಸಿತು.

ತಮ್ಮ ತಿರುಪುಳಿ ಹಿಡಿದು ಬೀರುವಿನ ಕಡೆ ಹೊರಟ. ಅವರು ಅಡ್ಡ ನಿಂತರು. "ಈ ಕಡೆಯಿಂದ ಬೇಡಪ್ಪ. ಆ ಕಡೆಯಿಂದ ಬಿಚ್ಚು."

"ತಿರುಪೆಲ್ಲ ಈ ಕಡೇನೇ ಇದೆಯಲ್ಲ ಸಾರ್?"

ಅವರು ಬೀರುವಿಗೆ ಬೆನ್ನು ಕೊಟ್ಟು ನಿಂತೇ ಇದ್ದರು. ನರ್ಸಕ್ಕನಿಗೆ ಅನುಮಾನ ಬಂತು. ಮೆಲ್ಲಗೆ ಅವರ ತೋಳು ಹಿಡಿದು ಪಕ್ಕಕ್ಕೆ ಕೂರಿಸಿ, ಬೀರು ತೆಗೆದು ಟಾರ್ಚು ಬಿಟ್ಟಳು. ಒಳಗೋಡೆಯ ಮೇಲಿನಿಂದ ಕೆಳಗಿನವರೆಗೆ, ಬೆಳಕು ಬಿಡದೆ ಕಾಣದಂಥ, ಪೆನ್ಸಿಲಿನ ಸಣ್ಣ ಸಣ್ಣ ಸಾಲುಗಳು. ಪ್ರತಿ ಸಾಲಿಗೂ ಊರು, ತಾರೀಕು, ಎದುರಿಗೆ ಒಂದು ಮಾತು. 'ಸಿಸ್ಟರಿಗೆ ನೆಗಡಿ.' 'ಚಕ್ರ ಪಂಕ್ಚರ್. ಸಿಸ್ಟರೇ ಜಾಕು ಹಾಕಿದರು.' 'ಸಿಸ್ಟರ್ ಒಬ್ಬ ಅಜ್ಜಿಯನ್ನು ನಗಿಸಿದರು. ಗೋಡೆ ಈಚೆ ನಾನೂ ನಕ್ಕೆ.' 'ನೂರ ಹದಿನಾಲ್ಕು ಜನ. ಸಿಸ್ಟರ್ ಸಿಟ್ಟಾಗಿದ್ದಾರೆ, ಯಾಕೋ ಗೊತ್ತಿಲ್ಲ.'

"ಫಿಲ್ಮ್ ಒಣಗೋವರೆಗೂ ಹೊತ್ತು ಹೋಗ್ತಿರಲಿಲ್ಲ. ಏನೋ ಗೀಚ್ತಿದ್ದೆ" ಎಂದರು ಅವರು, ನೆಲ ನೋಡುತ್ತಾ.

"ಅವತ್ತು ಯಾಕೆ ಸಿಟ್ಟು ಅಂತ ಕೇಳಬಹುದಿತ್ತಲ್ಲ?"

"ಕೇಳಿದ್ರೆ ಇನ್ನೂ ಸಿಟ್ಟಾಗ್ತಿದ್ರಿ."

ಆ ಮಾತಿಗೆ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ನಿಂತ ಮೇಲೆ ಒಂದೊಂದೇ ಸಾಲು ಓದುತ್ತಾ ಹೋದಳು. ಮರೆತೇಹೋಗಿದ್ದ ಮೈದಾನಗಳು, ಬೇಲಿಯ ಮೇಲೆ ಒಣಗಿಸಿದ ಟವೆಲ್ಲುಗಳು, ಸಾಲಿನ ಕೊನೆಯಲ್ಲಿ ನಿಂತು ಕೆಮ್ಮು ಅದುಮಿಕೊಳ್ಳುತ್ತಿದ್ದ ಗಂಡಸರು, ಎಲ್ಲ ಕಣ್ಣೆದುರು ಬಂದವು. ಸಂಜೆ ಬಿಸಿಲು ಕಿಟಕಿಯಿಂದ ಸರಿದುಹೋಗುವವರೆಗೂ ಯಾರೂ ಕೆಲಸದ ಮಾತೆತ್ತಲಿಲ್ಲ.

ಸೀಸ ತೆಗೆಯಲು ಎರಡು ದಿನ ಹಿಡಿಯಿತು. ತಮ್ಮ ಹಲಗೆಗೆ ಒಂದು ಗೀರೂ ಬೀಳದಂತೆ ಬಿಚ್ಚಿ, ತಗಡು ಹೊರಗೆಳೆದು, ಮತ್ತೆ ಹಾಗೇ ಕೂರಿಸಿದ. ಮೂವರೂ ಗಾಡಿಯನ್ನು ಮತ್ತೆ ತೂಕಕ್ಕೆ ಒಯ್ದರು. ಈ ಸಲ ತೂಕ ಮಿತಿಯೊಳಗೇ ನಿಂತಿತು. ಇನ್ಸ್‌ಪೆಕ್ಟರ್ ಫಾರ್ಮು ತುಂಬುತ್ತಾ ಕೇಳಿದರು, "ಮಲಗೋ ಜಾಗ ಎಷ್ಟು?"

"ಮೂರು" ಎಂದಳು ನರ್ಸಕ್ಕ.

"ನಕ್ಷೇಲಿ ಎರಡಿದೆ?"

ತಮ್ಮ ಅಕ್ಕನ ಮುಖ ನೋಡಿದ, ಫೋಟೋದವರ ಮುಖ ನೋಡಿದ. ಸರ್ರನೆ ಒಳಗೆ ಹೋಗಿ ಊಟದ ಮೇಜನ್ನು ಕೆಳಗಿಳಿಸಿ ಎರಡು ಬೆಂಚಿನ ನಡುವೆ ಕೂರಿಸಿ, ಮೇಲೆ ದಿಂಬು ಹಾಸಿದ. "ಇಗೋ ಸಾರ್, ಮೂರನೇದು. ನಕ್ಷೆ ತಿದ್ದಿ ಕೊಡ್ತೀನಿ." ಇನ್ಸ್‌ಪೆಕ್ಟರ್ ಒಳಗೆ ಹೋಗಿ ಕೈಯೂರಿ ಒತ್ತಿ ನೋಡಿ, ಮೂರು ಎಂದು ಬರೆದುಕೊಂಡರು. ಫೋಟೋದವರು ಕನ್ನಡಕ ಒರೆಸುತ್ತಿದ್ದರು.

ಇಪ್ಪತ್ತು ದಿನಕ್ಕೆ ಹೊಸ ನೋಂದಣಿ ಪುಸ್ತಕ ಅಂಚೆಯಲ್ಲಿ ಬಂತು. ನಂಬರ್ ಪ್ಲೇಟನ್ನು ತಮ್ಮ ತಾನೇ ಕೂರಿಸಿದ. ಮೊದಲ ಪ್ರಯಾಣಕ್ಕೆ ಫೋಟೋದವರೂ ಬಂದರು. ಹನ್ನೊಂದು ದಿನ ಇದ್ದರು. ಎಂದೂ ಆಡದಷ್ಟು ಮಾತಾಡಿದರು. ಹನ್ನೆರಡನೇ ದಿನ ಮಂಡಿ ಊದಿಕೊಂಡು ಗಾಡಿಯ ಮೆಟ್ಟಿಲು ಹತ್ತಿಳಿಯುವುದೇ ಕಷ್ಟವಾಯಿತು. ಮಗಳ ಊರಿನ ಬಸ್ಸು ಸಿಗುವ ನಿಲ್ದಾಣದಲ್ಲಿ ಇಳಿದುಕೊಂಡರು.

"ಮಂಡಿ ಸರಿಹೋದ್ರೆ ಫೋನ್ ಮಾಡಿ. ಎಲ್ಲಿದ್ರೂ ತಿರುಗಿಸ್ಕೊಂಡು ಬರ್ತೀನಿ" ಎಂದಳು ನರ್ಸಕ್ಕ.

"ರಿವರ್ಸ್ ಮಾತ್ರ ಬೇಡ ಸಿಸ್ಟರ್" ಎಂದು ಅವರು ತಮ್ಮನ ಹೆಗಲು ಹಿಡಿದು ಬಸ್ಸು ಹತ್ತಿ ಕಿಟಕಿ ಪಕ್ಕದ ಸೀಟು ಹಿಡಿದರು.

ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಎಂಜಿನ್ ಶುರು ಮಾಡಲಿಲ್ಲ. ಹಿಂದಿದ್ದ ಲಾರಿಯವನು ಹಾರನ್ ಹೊಡೆಯುತ್ತಲೇ ಇದ್ದ. ತಮ್ಮ ತಲೆ ಹೊರಗೆ ಹಾಕಿ, "ಸ್ವಲ್ಪ ತಡ್ಕೊಳ್ಳಪ್ಪಾ" ಎಂದ.