ಜ್ವರವಿಲ್ಲದ ಜ್ವರ

ವೆಂಕಟರತ್ನಮ್ಮ ಮೇಡಂ ದಿನವೂ ಶಿಡ್ಲಘಟ್ಟದಿಂದ ಬಸ್ಸು ಹಿಡಿದು ಸಾದಲಿ ಕಡೆಯ ಒಂದು ಹಳ್ಳಿಗೆ ಪಾಠ ಹೇಳಲು ಹೋಗುತ್ತಿದ್ದರು. ಒಂದರಿಂದ ನಾಲ್ಕನೇ ತರಗತಿಯವರೆಗೂ ಅವರೊಬ್ಬರೇ. 1988ರಲ್ಲಿ ಊರಿನ ಮಕ್ಕಳಿಗೆ ಮೈತುಂಬ ಬೊಕ್ಕೆಯೆದ್ದು, ಅಮ್ಮ ಬಂದಿದೆಯೆಂದು ಶಾಲೆಗೆ ಮೂರು ವಾರ ಬೀಗ ಬಿತ್ತು.

ಬೀಗ ಹಾಕುವ ದಿನ ಅವರು ನಾಲ್ಕನೇ ತರಗತಿಯ ಹನ್ನೊಂದು ಮಕ್ಕಳನ್ನು ಜಗಲಿಯ ಮೇಲೆ ಕೂರಿಸಿಕೊಂಡರು.

"ಮನೇಲಿ ದಿನಾ ಕಾಣೋದೇ ಒಂದು ಆರಿಸ್ಕೊಳ್ರಪ್ಪಾ. ಅದ್ರಲ್ಲಿ ನಿಮಗೆ ಗೊತ್ತಿಲ್ದೇ ಇರೋದೇನು? ನೀವೇ ನೋಡಿ, ನೀವೇ ಬರೀರಿ."

ಸೋಮವಾರ ಹಾಲಿನ ವ್ಯಾನಿನ ಚೆನ್ನರಾಯಪ್ಪ ನೋಟುಬುಕ್ಕುಗಳನ್ನು ಶಿಡ್ಲಘಟ್ಟಕ್ಕೆ ತರುವುದು, ಗುರುವಾರ ವಾಪಸು ಒಯ್ಯುವುದು ಎಂದಾಯಿತು.

ಮೊದಲ ಸೋಮವಾರ, ರೇಷ್ಮೆ ಸಾಕುವ ಮನೆಯ ಹುಡುಗಿ ಅಕ್ಕಯಮ್ಮನ ಪುಸ್ತಕದಲ್ಲಿ ಮುದ್ದಾದ ಅಕ್ಷರ: "ರೇಷ್ಮೆ ಹುಳು ಒಂದು ಉಪಯುಕ್ತ ಕೀಟ." ಅಣ್ಣನ ಪಾಠಪುಸ್ತಕದಿಂದ ಇಳಿಸಿದ್ದು. ಮೇಡಂ ಕೆಳಗೆ ಬರೆದರು: "ಇದು ಪುಸ್ತಕ ನೋಡಿದ್ದು. ನೀನೇನು ನೋಡಿದೆಯಮ್ಮ?"

ಮುಂದಿನ ವಾರ ಅಕ್ಷರ ಸೊಟ್ಟಗಾಗಿತ್ತು. "ಹುಳ ಸೊಪ್ಪು ತಿನ್ನದೆ ತಲೆ ಎತ್ತಿಕೊಂಡು ಸುಮ್ಮನೆ ನಿಂತಿವೆ. ಅಜ್ಜಿ ಜ್ವರ ಅಂತಾಳೆ. ಮುಟ್ಟಿ ನೋಡಿದೆ. ಬಿಸಿ ಇಲ್ಲ."

ಮೇಡಂ ಜೋರಾಗಿ ನಕ್ಕುಬಿಟ್ಟರು. ನಗು ನಿಂತಾಗ, ರೇಷ್ಮೆಯ ಊರಲ್ಲೇ ಬಾಳುತ್ತಿದ್ದರೂ ತನಗೂ ಉತ್ತರ ಗೊತ್ತಿಲ್ಲವೆಂಬುದು ಹೊಳೆಯಿತು.

"ರೇಷ್ಮೆ ಇಲಾಖೆಯೋರನ್ನ ಕೇಳಿ ಬರೆದು ಕಳಿಸಬಾರ್ದಾ?" ಎಂದರು ಗಂಡ ವೆಂಕಟರಾಯಪ್ಪ.

"ಬರೆದ್ರೆ ಅವ್ಳು ನೋಡೋದನ್ನೇ ನಿಲ್ಲಿಸ್ಬಿಡ್ತಾಳೆ ಕಣ್ರೀ."

"ನನಗೂ ಗೊತ್ತಿಲ್ಲ" ಎಂದೇ ಬರೆದರು. "ಜ್ವರ ಬಿಟ್ಟಮೇಲೆ ಏನು ಬದಲಾಯಿತು, ನೋಡಿ ತಿಳಿಸು." ಮಕ್ಕಳಿಗೆ ಹಾಗೆ ಬರೆದದ್ದು ಹದಿನಾಲ್ಕು ವರ್ಷದ ಕೆಲಸದಲ್ಲಿ ಅದೇ ಮೊದಲು.

ಮೂರನೇ ಸೋಮವಾರ ಹಾಳೆಗೆ ಗೋಂದಿನಿಂದ ಅಂಟಿಸಿದ ಒಣಗಿದ ಪೊರೆಯೊಂದು ಬಂತು. "ಹುಳ ಅಂಗಿ ಬಿಚ್ಚಿದೆ. ಬಿಗಿಯಾಗಿತ್ತೇನೋ. ಎಲ್ಲವೂ ಒಟ್ಟಿಗೆ ಬಿಚ್ಚಲ್ಲ. ಜ್ವರ ಬಿಟ್ಟು ಮೊದಲು ಎದ್ದವಕ್ಕೆ ಸೊಪ್ಪು ಹಾಕಿದರೆ ಅವು ದಪ್ಪ ಆಗ್ತವೆ, ಮಲಗಿದವು ಸಣ್ಣಗೇ ಉಳೀತವೆ."

ಶಾಲೆ ತೆರೆದ ದಿನ ಮೇಡಂ ನೇರ ಅಕ್ಕಯಮ್ಮನ ಮನೆಗೆ ಹೋದರು. ಅಜ್ಜಿ ಮುನಿಗಂಗಮ್ಮ ಸೊಪ್ಪು ಕತ್ತರಿಸುತ್ತಿದ್ದವಳು ಕುಡುಗೋಲು ಕೆಳಗಿಟ್ಟಳು.

"ಇದೇಂ ಚದುವು, ಇದೇನ್ ಓದು ಮೇಡಮ್ನೋರೇ! ನನ್ನ ಸೊಪ್ಪು ಹಾಕಕ್ಕೇ ಬಿಡ್ಲಿಲ್ಲ. 'ಇರಜ್ಜಿ, ಇನ್ನೂ ಎಲ್ಲಾ ಎದ್ದಿಲ್ಲ' ಅಂತ ಹುಳದ ತಟ್ಟೆಗೆ ಅಡ್ಡ ನಿಂತ್ಕೊಂಡ್ಳು."

"ನೀವೇನ್ ಮಾಡಿದ್ರಮ್ಮ?"

"ಅರ್ಧ ದಿನ ಕಾದೆ. ನಮ್ಮತ್ತೇನೂ ಹಂಗೇ ಹೇಳ್ತಿದ್ಲು, ಕೆಲಸದ ಗಡಿಬಿಡೀಲಿ ನಾನೇ ಮರ್ತಿದ್ದೆ." ಅಜ್ಜಿ ತಟ್ಟೆ ತೋರಿಸಿದಳು. ಹುಳಗಳು ಒಂದೇ ಸಮನಾಗಿದ್ದವು.

ತರಗತಿಯಲ್ಲಿ ಗಂಗುಲಪ್ಪನ ಪುಸ್ತಕ ಮಾತ್ರ ಖಾಲಿ. ಮನೆಯ ಕೆಂಪು ಕೋಳಿ ಮೊಟ್ಟೆಯಿಡುವ ಜಾಗ ಹುಡುಕಲು ಹೊರಟವನಿಗೆ ಅದು ಸಿಕ್ಕಿರಲಿಲ್ಲ. "ಎಲ್ಲೆಲ್ಲಿ ಇಲ್ವೋ ಅದನ್ನೇ ಬರಿ" ಎಂದರು ಮೇಡಂ. ಅವನು ಎರಡು ಪುಟ ತುಂಬಿಸಿದ.

ಮುಂದಿನ ಜೂನ್‌ನಲ್ಲಿ ಮೊದಲ ದಿನವೇ ಅವರು ಮಕ್ಕಳಿಗೆಲ್ಲ ತಲೆಗೊಂದು ಪ್ರಶ್ನೆ ಕೇಳಲು ಹೇಳಿದರು. ಗಂಟೆ ಹೊಡೆದರೂ ಸಾಲು ಮುಗಿಯಲಿಲ್ಲ. ನಾಲ್ಕೂವರೆಯ ಬಸ್ಸು ತಪ್ಪಿತು. ಮುಂದಿನ ಬಸ್ಸು ಬರುವವರೆಗೆ ಮೇಡಂ ಜಗಲಿಯ ಮೇಲೆ ಕೂತು ಉಳಿದ ಪ್ರಶ್ನೆಗಳನ್ನೂ ಬರೆದುಕೊಂಡರು.