ಬ್ಲೂಮಾ ಕೇಳುತ್ತಿದ್ದ ಪ್ರಶ್ನೆ

ಬ್ಲೂಮಾ ಫೆನ್‌ಸ್ಟರ್ ನಮ್ಮ ಸಂಸ್ಥೆಯ ಬಾಗಿಲಲ್ಲಿ ಕೂತು ಮೂವತ್ತೊಂದು ವರ್ಷವಾಯಿತು. ಹೊರಗಿನವರು ಗಂಟೆ ಒತ್ತಬೇಕು, ಒಳಗೆ ಬ್ಲೂಮಾ ಗುಂಡಿ ಒತ್ತಬೇಕು, ಆಗ ಬೀಗ ತೆರೆಯುತ್ತದೆ. ಬಾಲ್ಟಿಮೋರಿನ ಪಾರ್ಕ್ ಹೈಟ್ಸ್ ರಸ್ತೆಯ ಯಹೂದಿ ಮುದುಕ ಮುದುಕಿಯರ ಮನೆಗೆ ಊಟ ಕಳಿಸುವುದು ನಮ್ಮ ಕೆಲಸ. ಅಡುಗೆಮನೆ ನನ್ನದು. ಬ್ಲೂಮಾಳ ಜೊತೆ ದಿನಕ್ಕೆ ಮೂರು ಸಲ ಜಗಳ, ನಾಲ್ಕು ಸಲ ಚಹಾ, ಹಾಗೆ ಕಳೆದ ಆಯುಷ್ಯ ನಮ್ಮಿಬ್ಬರದು.

ಬಾಗಿಲಿಗೆ ಬಂದವರನ್ನೆಲ್ಲ ಅವಳು ಕೇಳುವುದು ಒಂದೇ ಮಾತು. "ನೀನು ಯಾರ ಪೈಕಿ? ನಿಮ್ಮಮ್ಮ ಯಾವ ಕಡೆಯವಳು?" ಐದು ನಿಮಿಷ ಕೊಟ್ಟರೆ ನಿಮ್ಮ ಸೋದರತ್ತೆಯ ಮದುವೆಯಲ್ಲಿ ಯಾರು ಕುಣಿದರು ಎನ್ನುವುದನ್ನೂ ಹೊರಗೆ ತೆಗೆಯುತ್ತಾಳೆ. ಹೊಸಬರು ನಗುತ್ತಾ ಒಳಗೆ ಬರುತ್ತಿದ್ದರು. ನಮ್ಮಲ್ಲಿ ಅದೇ ಸ್ವಾಗತ.

ಹೋದ ವರ್ಷ ಒಂದು ದತ್ತಿನಿಧಿಯಿಂದ ಹಣ ಬಂತು. ಯಹೂದಿ ಸೇವಾಸಂಸ್ಥೆಗಳಲ್ಲಿ ಕೆಲಸ ಮಾಡುವವರು ಸುರಕ್ಷಿತವಾಗಿರಲಿ, ಎಲ್ಲರಿಗೂ ಇದು ನಮ್ಮ ಜಾಗ ಅನ್ನಿಸಲಿ ಎಂದು ಕೊಟ್ಟ ಹಣ. ಸುರಕ್ಷಿತ ಅಂದ ಕೂಡಲೇ ಬ್ಲೂಮಾ ಬಾಗಿಲಿಗೆ ದಪ್ಪ ಗಾಜು ಬರುತ್ತದೆ ಅಂದುಕೊಂಡಳು. ಗಾಜು ಬರಲಿಲ್ಲ. ಒಬ್ಬಳು ತರಬೇತಿಯವಳು ಬಂದು ನಮ್ಮನ್ನೆಲ್ಲ ದುಂಡಗೆ ಕೂರಿಸಿ ಎರಡು ದಿನ ಮಾತಾಡಿದಳು. ಕೊನೆಗೆ ಗೋಡೆಗೆ ಒಂದು ಪೆಟ್ಟಿಗೆ ಹೊಡೆದರು. ನೋವಾದವರು ಹೆಸರು ಹಾಕದೆ ಬರೆದು ಹಾಕಬಹುದು, ಎಲ್ಲರೂ ನಂಬುವ ಒಬ್ಬರು ಅದನ್ನು ತೆಗೆದು ಶುಕ್ರವಾರ ನಿರ್ದೇಶಕರಿಗೆ ಕೊಡಬೇಕು. ನಂಬುವವರು ಯಾರು ಎಂದು ಕೇಳಿದಾಗ ಇಪ್ಪತ್ತೆರಡು ಜನವೂ ಬ್ಲೂಮಾಳ ಕಡೆ ನೋಡಿದೆವು.

ಏಳು ವಾರ ಪೆಟ್ಟಿಗೆ ಖಾಲಿ. ಎಂಟನೆಯ ಶುಕ್ರವಾರ ಬೆಳಿಗ್ಗೆ, ನಾನು ಕೋಳಿ ಸಾರು ಡಬ್ಬಿಗಳಿಗೆ ತುಂಬುತ್ತಿದ್ದಾಗ, ಬ್ಲೂಮಾ ಒಂದು ಚೀಟಿ ಹಿಡಿದು ಬಂದಳು.

"ಪೆಸ್ಸಿ, ಇದನ್ನ ಓದು. ನಾನು ಓದಿದ್ದು ಸರಿಯಾ ನೋಡು."

"ಬೇರೆಯವರಿಗೆ ತೋರಿಸಬಾರದು ಅಂತ ಹೇಳ್ಕೊಟ್ಟಿಲ್ವಾ ನಿಂಗೆ?"

"ಓದೇ ಮಾರಾಯ್ತಿ."

ಓದಿದೆ. 'ಎರಡು ವರ್ಷದಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ. ಈಗಲೂ ಬಾಗಿಲಲ್ಲಿ ನಿಲ್ಲಿಸಿ ನೀನು ಯಾರ ಪೈಕಿ ಎಂದು ಕೇಳುತ್ತಾರೆ. ನಾನು ಇಲ್ಲಿಯವಳಲ್ಲ ಎಂದು ದಿನಕ್ಕೊಮ್ಮೆ ನೆನಪಾಗುತ್ತದೆ.'

ಯಾರು ಬರೆದದ್ದು ಎಂದು ಇಬ್ಬರಿಗೂ ಹೊಳೆಯಿತು. ಊಟದ ವ್ಯಾನುಗಳನ್ನು ಕಳಿಸುವ ಲೆಕ್ಕ ನೋಡಿಕೊಳ್ಳುವ ಶಿಫ್ರಾ ಟಾಲಿವರ್. ಕಪ್ಪು ಮೈಬಣ್ಣದ ಹುಡುಗಿ, ಶುಕ್ರವಾರ ಸಂಜೆ ನಮಗಿಂತ ಮೊದಲು ಸಬ್ಬತ್ತಿನ ದೀಪ ಹಚ್ಚುವವಳು.

"ದಿನಾ ಯಾಕೆ ಕೇಳ್ತೀಯೇ ಅವಳನ್ನ?" ಅಂದೆ.

"ಗೊತ್ತಾಗಿಲ್ವಲ್ಲ, ಅದಕ್ಕೆ. ನಿನ್ನದು ಒಂದೇ ದಿನದಲ್ಲಿ ಗೊತ್ತಾಯ್ತು, ಬಿಟ್ಟೆ. ಇವಳು ಪ್ರತಿ ಸಲ ನಕ್ಕು ಒಳಗೆ ಹೋಗಿಬಿಡ್ತಾಳೆ."

"ಬೇರೆ ಕಡೆಯಿಂದ ನಮ್ಮ ಧರ್ಮಕ್ಕೆ ಬಂದವರಿಗೆ ಅದನ್ನ ನೆನಪು ಮಾಡಿ ನೋಯಿಸಬಾರದು ಅಂತ ಕಟ್ಟಳೆ ಇದೆ. ನಿಂಗೊತ್ತಿಲ್ವಾ?"

"ಗೊತ್ತು. ಆದ್ರೆ ಅವಳು ಹಾಗೆ ಬಂದವಳಾ, ಹುಟ್ಟಿನಿಂದಾನೇ ನಮ್ಮವಳಾ, ಕೇಳದೆ ಹೇಗೆ ಗೊತ್ತಾಗ್ಬೇಕು? ಕೇಳಿದ್ರೆ ತಪ್ಪು. ಕೇಳದಿದ್ರೆ ತಪ್ಪು ಮಾಡಿದ್ನೋ ಇಲ್ವೋ ಅನ್ನೋದೇ ತಿಳಿಯಲ್ಲ."

ನನಗೂ ತಲೆ ಕೆಟ್ಟುಹೋಯಿತು. ನಿಜ ಹೇಳುತ್ತೇನೆ, ಆ ಹುಡುಗಿ ಹೇಗೆ ಬಂದವಳೋ ನನಗೆ ಇವತ್ತಿಗೂ ಗೊತ್ತಿಲ್ಲ. "ಚೀಟಿ ಹರಿದು ಒಲೆಗೆ ಹಾಕು. ಇನ್ಮೇಲೆ ಕೇಳಬೇಡ, ಮುಗೀತು" ಅಂದೆ. ನಾನು ಅಂಥವಳೇ.

ಬ್ಲೂಮಾ ಒಲೆಯನ್ನೂ ಚೀಟಿಯನ್ನೂ ನೋಡಿದಳು. "ಕೊಟ್ರೆ ನನ್ನ ಬಾಗಿಲು ಹೋಗುತ್ತೆ ಪೆಸ್ಸಿ. ಗಂಡ ಹೋದಮೇಲೆ ನನಗಿರೋದು ಅದೊಂದೇ" ಅಂದಳು. ಆಮೇಲೆ ಅದನ್ನು ನಾಲ್ಕು ಮಡಿಕೆ ಮಾಡಿ, ನೇರವಾಗಿ ನಿರ್ದೇಶಕ ಹರ್ಷೆಲ್ ಗೆಲ್ಮನ್ನನ ಕೋಣೆಗೆ ಹೋಗಿ ಕೊಟ್ಟಳು.

ಸೋಮವಾರ ಬಾಗಿಲಲ್ಲಿ ಬೇರೆ ಯಾರೋ ಕೂತಿದ್ದರು. ಬ್ಲೂಮಾ ಹಿಂದಿನ ಕೋಣೆಯಲ್ಲಿ ದಾನಿಗಳ ಲಕೋಟೆ ಮಡಚುತ್ತಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು. ಶಿಫ್ರಾ ಡಬ್ಬಿಗಳ ಪಟ್ಟಿಗೆ ಬಂದಾಗ ತಡೆಯಲಾಗದೆ ಹೇಳಿಬಿಟ್ಟೆ, "ಸಂತೋಷ ಆಯ್ತಾ ಈಗ?"

ಅವಳಿಗೆ ಏನೂ ತಿಳಿದಿರಲಿಲ್ಲ. ನಾನು ಎಲ್ಲ ಹೇಳಿದ್ದೇ ಪಟ್ಟಿ ಕೆಳಗಿಟ್ಟು ಗೆಲ್ಮನ್ನನ ಕೋಣೆಗೆ ಹೊರಟಳು, ಬಾಗಿಲನ್ನೂ ಹಾಕಲಿಲ್ಲ. ನಾನು ಹಿಂದೆಯೇ ಹೋದೆ, ನಾಚಿಕೆ ಬಿಟ್ಟು.

"ಆ ಚೀಟಿ ನನ್ನದು," ಅಂದಳು ಶಿಫ್ರಾ. "ಪ್ರಶ್ನೆ ನಿಲ್ಲಲಿ ಅಂತ ಬರೆದೆ. ಅವರನ್ನ ತೆಗೀರಿ ಅಂತ ಬರೆದ್ನಾ?"

ಗೆಲ್ಮನ್ ಕನ್ನಡಕ ತೆಗೆದು ಹಾಕಿಕೊಂಡ. "ದತ್ತಿಯವರಿಗೆ ವರದಿ ಕಳಿಸ್ಬೇಕಮ್ಮ. ಒಂದು ದೂರು ಬಂದಿದೆ, ಏನು ಕ್ರಮ ತಗೊಂಡ್ರಿ ಅಂತ ಕೇಳ್ತಾರೆ. ಮುಂದಿನ ವರ್ಷದ ಹಣ ಅದರ ಮೇಲೆ ನಿಂತಿದೆ. ಏನಂತ ಬರೀಲಿ?"

"ನನ್ನನ್ನ ಕೇಳಿದ್ವಿ ಅಂತ ಬರೀರಿ. ಇಷ್ಟು ಹೊತ್ತು ಯಾರೂ ಕೇಳಿಲ್ಲ."

ಕೊನೆಗೆ ಬ್ಲೂಮಾ ಮಾರನೆಯ ದಿನದಿಂದ ಮತ್ತೆ ಬಾಗಿಲಿಗೆ ಬರಲಿ ಎಂದಾಯಿತು. ವರದಿಯಲ್ಲಿ ಏನು ಬರೆದನೋ ದೇವರಿಗೇ ಗೊತ್ತು.

ಮಂಗಳವಾರ ನಾನು ಚಹಾ ಹಿಡಿದು ಬಾಗಿಲ ಹತ್ತಿರವೇ ನಿಂತಿದ್ದೆ. ಗಂಟೆ ಹೊಡೆಯಿತು, ಹೊರಗೆ ಶಿಫ್ರಾ. ಬ್ಲೂಮಾ ಗುಂಡಿ ಒತ್ತಿದಳು. ಹುಡುಗಿ ಒಳಗೆ ಬಂದು ಮೇಜಿನ ಮುಂದೆ ನಿಂತಳು. ಬ್ಲೂಮಾ ಪೆನ್ನನ್ನು ಅಲ್ಲಿಂದ ಇಲ್ಲಿಗಿಟ್ಟಳು.

"ನನಗೆ ಬೇರೆ ಮಾತೇ ಬರಲ್ಲ ಕಣಮ್ಮ," ಅಂದಳು. "ನನಗೀಗ ಅರವತ್ತೆಂಟು ವರ್ಷ ಆಯ್ತು. ಮನುಷ್ಯರ ಹತ್ರ ಮಾತು ಶುರು ಮಾಡೋಕೆ ನನಗೆ ಗೊತ್ತಿರೋದು ಅದೊಂದೇ."

ಶಿಫ್ರಾ ಕುರ್ಚಿ ಎಳೆದುಕೊಂಡು ಕೂತಳು. "ಸರಿ, ಹಾಗಾದ್ರೆ ಇವತ್ತು ನಾನು ಕೇಳ್ತೀನಿ. ನೀವು ಯಾರ ಪೈಕಿ?"

ಚುಚ್ಚಲು ಕೇಳಿದಳೋ ಪ್ರೀತಿಯಿಂದಲೋ, ಧ್ವನಿಯಲ್ಲಿ ನನಗೆ ಗೊತ್ತಾಗಲಿಲ್ಲ.

"ನಾನಾ? ನಮ್ಮಪ್ಪ ಯಾಂಕೆಲ್ ಅಂತ. ಎರಡನೇ ಮಹಾಯುದ್ಧ ಮುಗಿದ ಮೇಲೆ ನಿರಾಶ್ರಿತರ ಶಿಬಿರದಿಂದ ಬಂದವನು." ಬ್ಲೂಮಾ ಪೆನ್ನಿನ ಮುಚ್ಚಳ ಹಾಕಿದಳು. "ಅವರಪ್ಪನ ಹೆಸರು ಅವನು ಹೇಳಲೇ ಇಲ್ಲ. ಅಣ್ಣತಮ್ಮಂದಿರು ಎಷ್ಟು ಜನ ಅಂತಾನೂ ಹೇಳಲಿಲ್ಲ. ಯಾರೂ ಉಳಿದಿರಲಿಲ್ಲ. ದಾರೀಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ, ನೀವು ಯಾವ ಕಡೆಯವರು ಅಂತ ಕೇಳೋನು. ಯಾರಾದ್ರೂ ನಮ್ಮವರು ಸಿಗ್ತಾರೇನೋ ಅಂತ. ಸಾಯೋ ತನಕ ಕೇಳ್ದ. ಒಬ್ಬರೂ ಸಿಗಲಿಲ್ಲ." ಅವಳು ಮೇಜನ್ನೇ ನೋಡುತ್ತಿದ್ದಳು. "ನಾನು ಯಾರ ಪೈಕಿ ಅಂತ ನಂಗೂ ಗೊತ್ತಿಲ್ಲ ಶಿಫ್ರಾ."

ಮೂವತ್ತೊಂದು ವರ್ಷದಲ್ಲಿ ಅವಳನ್ನು ಯಾರೂ ಕೇಳಿರಲಿಲ್ಲ. ದಿನಕ್ಕೆ ನಾಲ್ಕು ಚಹಾ ಕುಡಿದ ನಾನೂ ಕೇಳಿರಲಿಲ್ಲ.

ಶಿಫ್ರಾ ಎದ್ದು ಹೋಗಲಿಲ್ಲ, ಅಲ್ಲೇ ಕೂತಿದ್ದಳು. ಹೊರಗೆ ಯಾರೋ ಗಂಟೆ ಒತ್ತಿದರು. ಇಬ್ಬರಿಗೂ ಕೇಳಿಸಿದಂತೆ ಕಾಣಲಿಲ್ಲ, ನಾನೇ ಹೋಗಿ ಗುಂಡಿ ಒತ್ತಿದೆ.