‘ಅಲ್ಲೇ’ ಸಿಗುವ ಸೀತಾಫಲ

ಆಯುಧಪೂಜೆಗೆ ವಾಹನಗಳಿಗೆ ತೊಡಿಸಿದ ಹೂವಿನ ಹಾರಗಳು ಇನ್ನೂ ಪೂರ್ತಿ ಒಣಗದ ದಿನಗಳಲ್ಲಿ ಹುಣಸೂರಿನ ಬಸ್ ನಿಲ್ದಾಣದ ಆಸುಪಾಸಿನಲ್ಲಿ ಯಾರ ಕೈಚೀಲವಾದರೂ ತಳದಲ್ಲಿ ಗಂಟುಗಂಟಾಗಿ ಉಬ್ಬಿಕೊಂಡು ಜೋತಾಡುತ್ತಿದ್ದರೆ, ಒಳಗಿರುವುದು ಸೀತಾಫಲವೆಂದು ಕಣ್ಣು ಮುಚ್ಚಿಕೊಂಡು ಹೇಳಬಹುದು. ಹಾಗೆ ಹೊತ್ತು ತರುತ್ತಿರುವವರನ್ನು ನಿಲ್ಲಿಸಿ ‘ಎಲ್ಲಿ ಸಿಕ್ಕಿತು?’ ಎಂದು ಕೇಳಿ ನೋಡಿ. ‘ಅಲ್ಲೇ’ ಎನ್ನುತ್ತಾರೆ. ಅಲ್ಲೇ ಅಂದರೆ ಎಲ್ಲಿ ಎಂದು ನೀವು ಬಿಡದೆ ಕೇಳಿದರೆ ‘ಅಲ್ಲೇ ಕಣ್ರೀ, ಆ ಕಡೆ’ ಎಂದು ಕೈ ಬೀಸುತ್ತಾರೆ. ಆ ಒಂದು ಬೀಸಿನಲ್ಲಿ ಪಿರಿಯಾಪಟ್ಟಣದಿಂದ ಹಿಡಿದು ಸರಗೂರಿನವರೆಗಿನ ಇಡೀ ಸೀಮೆ ಅಡಗಿರುತ್ತದೆ. ಕಾಲೇಜಿನಲ್ಲಿ ವ್ಯಾಕರಣ ಪಾಠ ಮಾಡಿ ಆಯುಷ್ಯ ಸವೆಸಿದ ನಾನು, ಪದದ ತುದಿಗೆ ಏಕಾರ ಸೇರಿದರೆ ಅರ್ಥ ಖಚಿತವಾಗುತ್ತದೆ, ಅದಕ್ಕೆ ಅವಧಾರಣೆ ಎಂದು ಹೆಸರು ಎಂದು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ. ಹಣ್ಣಿನ ಕಾಲದಲ್ಲಿ ಮಾತ್ರ ಆ ಏಕಾರ ಇದ್ದಬದ್ದ ಖಚಿತತೆಯನ್ನೂ ಅಳಿಸಿಹಾಕಿಬಿಡುತ್ತದೆ.

ನಮ್ಮ ಜನ ಗುಟ್ಟಿನ ಸ್ವಭಾವದವರೇನೂ ಅಲ್ಲ. ಮಗಳ ಜಾತಕ, ತಮ್ಮ ಮೂಲವ್ಯಾಧಿ, ಭಾವಮೈದುನನ ಕುಡಿತ, ಎಲ್ಲವನ್ನೂ ಬಸ್ಸಿನ ಪಕ್ಕದ ಸೀಟಿನ ಅಪರಿಚಿತರಿಗೆ ಬಿಳಿಕೆರೆ ದಾಟುವುದರೊಳಗೆ ಒಪ್ಪಿಸಿ ಹಗುರಾಗುವವರು. ಆದರೆ ಅಣಬೆ ಏಳುವ ಜಾಗ, ಜೇನು ಕಟ್ಟುವ ಜಾಗ, ಯಾರೂ ನೆಡದ ಸೀತಾಫಲ ಹಣ್ಣಾಗುವ ಜಾಗ, ಇವನ್ನು ಹೆಂಡತಿಗೂ ಹೇಳುವುದಿಲ್ಲ. ಸಂಸ್ಕೃತದ ಕವಿಗಳಿಗೆ ಶರತ್ಕಾಲವೆಂದರೆ ತಿಳಿನೀರು, ಹಂಸ, ಬೆಳುದಿಂಗಳು. ನಮ್ಮ ಸೀಮೆಯಲ್ಲಿ ಅದು ರಾಗಿ ತೆನೆ ಬಲಿಯುವ, ಗಾಡಿಜಾಡಿನ ಕೆಸರು ಗಟ್ಟಿಯಾಗುವ, ಬೇಲಿಸಾಲಿನಲ್ಲಿ ಗಣಿಕೆಯೋ ಎಲಚಿಯೋ ಏನಾದರೊಂದು ಬಾಯಿಗೆ ಸಿಗುವ ಕಾಲ. ಈ ಶರತ್ತಿಗೆ ಇರುವುದು ಒಂದೇ ಷರತ್ತು: ಕೇಳಬಾರದು, ಕೇಳಿದರೆ ಹೇಳಬಾರದು.

ಈ ವಿದ್ಯೆ ನನಗೆ ಹುಟ್ಟಿನಿಂದ ಬಂದದ್ದಲ್ಲ. ನಾನು ಕೆ.ಆರ್. ನಗರದ ಕಡೆಯ ನಾಲೆ ನೀರಿನ ಊರಿನವನು. ಸುತ್ತ ಭತ್ತ, ಕಬ್ಬು. ಒಂದು ಗೇಣು ನೆಲವನ್ನೂ ಮುಳ್ಳುಗಿಡಕ್ಕೆ ಬಿಟ್ಟುಕೊಡದ ಜನ. ಕಾಡಿನ ಕಡೆಯ ಹಂಪಾಪುರದಲ್ಲಿದ್ದ ನಮ್ಮ ಸೋದರತ್ತೆಯ ಮಕ್ಕಳು ರಜೆಗೆ ಬಂದಾಗ ನಾಲಿಗೆ ಚಾಚಿ, ಕಾಡಹಣ್ಣು ತಿಂದು ಬಣ್ಣವೇರಿದ್ದನ್ನು ತೋರಿಸಿ ನಮ್ಮ ಹೊಟ್ಟೆ ಉರಿಸುತ್ತಿದ್ದರು. ನೀರಾವರಿ ಜಮೀನಿನ ಮಕ್ಕಳಾದ ನಮಗೆ ತೋರಿಸಲು ಜಿಗಣೆ ಕಚ್ಚಿದ ಗಾಯ ಬಿಟ್ಟರೆ ಬೇರೇನೂ ಇರಲಿಲ್ಲ. ಆ ಉರಿ ಎಷ್ಟು ಆಳದಲ್ಲಿ ಉಳಿದಿತ್ತೆಂದರೆ, ಹುಣಸೂರಿಗೆ ವರ್ಗವಾಗಿ ಬಂದು ತಲೆ ನರೆತ ಮೇಲೂ ಬೇಲಿ ಕಂಡರೆ ಸ್ಕೂಟರಿನ ವೇಗ ತಾನಾಗಿ ತಗ್ಗುತ್ತಿತ್ತು.

ಇಲ್ಲಿ ‘ಬೋರೆ’ ಎಂಬ ಮಾತನ್ನು ಸ್ವಲ್ಪ ಬಿಡಿಸಬೇಕು. ಉತ್ತರ ಕರ್ನಾಟಕದ ನನ್ನ ಸಹೋದ್ಯೋಗಿಯೊಬ್ಬರಿಗೆ ಬೋರೆ ಎಂದರೆ ನಾವು ಎಲಚಿ ಎನ್ನುವ ಹಣ್ಣು. ನಮಗೆ ಬೋರೆ ಎಂದರೆ ಕಲ್ಲು ದಿಬ್ಬ. ಅವರು ಬೋರೆ ತಿನ್ನುತ್ತಾರೆ, ನಾವು ಬೋರೆ ಹತ್ತುತ್ತೇವೆ. ನಾನು ಹತ್ತಿದ ಬೋರೆ ಹುಣಸೂರಿಗೂ ಬಿಳಿಕೆರೆಗೂ ನಡುವೆ ಹೆದ್ದಾರಿಯಿಂದ ಒಳಗಡೆ ಇದೆ. ಸರಿಯಾಗಿ ಎಲ್ಲಿ ಎಂದು ಕೇಳಬೇಡಿ, ಅಲ್ಲೇ. ಅದನ್ನು ಕಂಡುಹಿಡಿದದ್ದು ನನ್ನ ಸಂಶೋಧನಾ ಪ್ರವೃತ್ತಿಯ ಫಲವೆಂದು ಹೇಳಿಕೊಳ್ಳುವ ಆಸೆಯಿದೆಯಾದರೂ, ನಿಜವಾಗಿ ಅದು ದಾರಿಯಲ್ಲಿ ಕುಡಿದ ಎರಡು ಲೋಟ ಕಬ್ಬಿನ ಹಾಲಿನ ಫಲ. ದೇಹಬಾಧೆ ತಡೆಯಲಾರದೆ ಮರೆ ಹುಡುಕಿಕೊಂಡು ಬಂಡೆಗಳ ಹಿಂದೆ ಸರಿದವನಿಗೆ, ಎರಡು ಬಂಡೆಗಳ ಸಂದಿಯಲ್ಲಿ ಸೀತಾಫಲದ ಒಂದು ಹಿಂಡು ಗಿಡಗಳು ಕಾಯಿ ತುಂಬಿಕೊಂಡು ನಿಂತದ್ದು ಕಾಣಿಸಿತು. ಬಂದ ಕೆಲಸವನ್ನೇ ಮರೆತೆನೆಂದು ಬರೆದರೆ ಪ್ರಬಂಧಕ್ಕೆ ಶೋಭೆ. ಆದರೆ ಮರೆಯಲಿಲ್ಲ, ಸ್ವಲ್ಪ ದೂರ ಹೋದೆ ಅಷ್ಟೇ.

ಅಂದಿನಿಂದ ಪ್ರತಿ ವರ್ಷ ಆ ದಿನಗಳಲ್ಲಿ ನಾನು ‘ವಾಕಿಂಗ್’ ಹೋಗುವ ದಿಕ್ಕು ಬದಲಾಗುತ್ತಿತ್ತು. ಒಂದೇ ತೊಂದರೆ ಕೋತಿಗಳದು. ನಾಳೆ ಕೀಳೋಣವೆಂದು ಕಣ್ಣಿಟ್ಟು ಬಂದ ಕಾಯಿ ನಾಳೆಗೆ ಇರುತ್ತಿರಲಿಲ್ಲ. ಆ ಕೋತಿಗಳಾದರೂ ವಿಚಿತ್ರ ಸಂಯಮದವು. ಕೊಂಬೆ ಮುರಿಯುತ್ತಿರಲಿಲ್ಲ, ಸಿಪ್ಪೆ ಚೆಲ್ಲುತ್ತಿರಲಿಲ್ಲ, ಎಳೆಯ ಕಾಯಿ ಮುಟ್ಟುತ್ತಿರಲಿಲ್ಲ. ಒಂದು ವರ್ಷ ಸಿಟ್ಟಿನಿಂದ ಬಂಡೆಗಳ ಸಂದಿಗೆ ಒಂದು ಮುಳ್ಳುಕೊಂಬೆ ಎಳೆದು ಅಡ್ಡ ಹಾಕಿದೆ. ಮಾರನೆಯ ದಿನ ನೋಡಿದರೆ ಕಾಯಿ ಮಾಯವಾಗಿತ್ತು, ಮುಳ್ಳುಕೊಂಬೆ ಮಾತ್ರ ನಾನಿಟ್ಟದ್ದಕ್ಕಿಂತ ಚೊಕ್ಕಟವಾಗಿ ಅಡ್ಡ ಕೂತಿತ್ತು. ಮನುಷ್ಯ ಕೋತಿಯಿಂದ ಬಂದವನೆಂಬ ಸಿದ್ಧಾಂತಕ್ಕೆ ಇದಕ್ಕಿಂತ ಪುರಾವೆ ಬೇಡವೆಂದುಕೊಂಡೆನೇ ಹೊರತು, ಆ ಯೋಚನೆಯನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯುವ ಬುದ್ಧಿ ಬರಲಿಲ್ಲ.

ಇನ್ನು ನಂಜೇಗೌಡರ ವಿಷಯ. ಅವರು ಬಿಳಿಕೆರೆ ಹತ್ತಿರದ ಹಳ್ಳಿಯವರು. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ನಾನು ಮೈಸೂರಿಗೆ ಓಡಾಡುತ್ತಿದ್ದ ಕಾಲದಲ್ಲಿ ಅವರ ಬಸ್ಸಿನ ಕಾಯಂ ಗಿರಾಕಿ. ಇಬ್ಬರಿಗೂ ನಿವೃತ್ತಿಯಾದ ಮೇಲೆ ಟಿಕೆಟ್ಟಿನ ಸಂಬಂಧ ತಪ್ಪಿ ಸ್ನೇಹ ಉಳಿಯಿತು. ಅವರು ಹೊಲದಲ್ಲಿ ಅವರೆ ಬೆಳೆದರೆ ನಮ್ಮ ಮನೆಗೆ ಸೊಗಡಿನ ಕಾಯಿ ಬರುತ್ತಿತ್ತು, ಶರತ್ಕಾಲದಲ್ಲಿ ಒಂದು ಚೀಲ ಸೀತಾಫಲ ಬರುತ್ತಿತ್ತು. ಬರಿಗೈಲಿ ಕಳಿಸುವುದುಂಟೇ ಎಂದು ನಾನೂ ನನ್ನ ಸಂಗ್ರಹದಿಂದ ಒಂದು ಚೀಲ ಕೊಡುತ್ತಿದ್ದೆ. ಎಲ್ಲಿಯದು ಎಂದು ನಾನು ಕೇಳಿದರೆ ಅವರು ‘ಅಲ್ಲೇ’ ಎನ್ನುತ್ತಿದ್ದರು. ಅವರು ಕೇಳಿದರೆ ನಾನೂ ಅದನ್ನೇ ಎನ್ನುತ್ತಿದ್ದೆ. ಇಬ್ಬರೂ ನಕ್ಕು ಕಾಫಿ ಕುಡಿಯುತ್ತಿದ್ದೆವು. ನಮ್ಮ ಮನೆಯವಳು ಮಾತ್ರ ಎರಡೂ ಚೀಲದ ಹಣ್ಣು ತಿಂದು ನೋಡಿ, ‘ಗೌಡರ ಹಣ್ಣಿನ ರುಚಿ ನಿಮ್ಮದಕ್ಕೆ ಬರೋದಿಲ್ಲ ಬಿಡಿ’ ಎಂದು ವರ್ಷವರ್ಷವೂ ತೀರ್ಪು ಕೊಡುತ್ತಿದ್ದಳು. ಅವರ ಕಡೆಯ ಮಣ್ಣಿನ ಗುಣ ಬೇರೆ ಎಂದು ನಾನು ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಹೋದ ವರ್ಷದ ಹಿಂದಿನ ವರ್ಷ ಗೌಡರಿಗೆ ಎದೆನೋವು ಬಂತು. ಮೈಸೂರಿನ ಡಾಕ್ಟರು ಎದೆ ತೆರೆದು ಆಪರೇಷನ್ ಮಾಡಬೇಕೆಂದು ಹೇಳಿ ದಿನ ಗೊತ್ತುಮಾಡಿದರು. ಆಸ್ಪತ್ರೆಗೆ ಸೇರುವ ಮುಂಚೆ ಒಂದು ಸಂಜೆ ನಮ್ಮ ಮನೆಗೆ ಬಂದವರು ಕಾಫಿಯನ್ನು ಅರ್ಧಕ್ಕೇ ಇಟ್ಟು, ‘ಮೇಷ್ಟ್ರೇ, ನಾಳೆ ಬೆಳಿಗ್ಗೆ ಬುಡುವು ಮಾಡ್ಕಳಿ. ನಿಮ್ಗೊಂದು ಜಾಗ ತೋರಿಸ್ಬೇಕು’ ಎಂದರು. ಯಾವ ಜಾಗ ಎಂದೆ.

‘ಆಪರೇಸನ್ನು ಅಂದ್ರೆ ಅಂಗೇ ಅಲ್ವಾ. ಎದ್ ಬಂದ್ರೆ ಬಂದೆ, ಇಲ್ಲಾಂದ್ರೆ ಮೇಲಕ್ಕೋದೆ. ಒಲ ಮನೆ ಎಲ್ಲ ಮಕ್ಕಳ ಎಸ್ರಿಗೆ ಮಾಡಾಯ್ತು. ಸೀತಾಫಲದ ಜಾಗ ಒಂದು ಉಳ್ಕಂಡದೆ. ಮಕ್ಕಳಿಗೆ ಅದ್ರ ಆಸೆ ಇಲ್ಲ, ಅಂಗಡೀಲಿ ತಂದು ತಿಂತಾವೆ. ನೀವಾದ್ರೆ ನಾಕು ದಿನ ನೋಡ್ಕತೀರಿ.’

ಮರುದಿನ ಅವರ ಮಗನ ಬೈಕನ್ನು ನಾನೇ ಓಡಿಸಿದೆ, ಗೌಡರು ಹಿಂದೆ ಕೂತು ದಾರಿ ಹೇಳಿದರು. ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗಿ ಎಂದಾಗಲೇ ನನಗೆ ಅನುಮಾನ ಬಂತು. ಗಾಡಿಜಾಡು ಬಂದಾಗ ಅನುಮಾನ ಬಲವಾಯಿತು. ಬೋರೆಯ ಬುಡದಲ್ಲಿ ಇಳಿದಾಗ ಅನುಮಾನವೆಂಬುದೇ ಉಳಿಯಲಿಲ್ಲ. ನಾನು ವರ್ಷಗಳಿಂದ ಶಪಿಸುತ್ತಿದ್ದ ಸಂಯಮಿ ಕೋತಿ ಎದೆಯ ಮೇಲೆ ಕೈಯಿಟ್ಟುಕೊಂಡು, ಏದುಸಿರು ಬಿಡುತ್ತಾ, ನನ್ನ ಮುಂದೆ ನಿಧಾನವಾಗಿ ದಿಬ್ಬ ಹತ್ತುತ್ತಿತ್ತು. ನಾವಿಬ್ಬರೂ ಒಂದೇ ಗಿಡದ ಹಣ್ಣನ್ನು ಇಷ್ಟು ವರ್ಷ ಒಬ್ಬರಿಗೊಬ್ಬರು ಉಡುಗೊರೆ ಕೊಟ್ಟುಕೊಂಡಿದ್ದೆವು.

ನಗು ಬಂದದ್ದು ನಿಜ. ಇನ್ನೇನು ಹೇಳಿಬಿಡಬೇಕು, ಇಬ್ಬರೂ ಕೂತು ಹೊಟ್ಟೆ ಹಿಡಿದುಕೊಂಡು ನಗಬೇಕು ಎನ್ನುವಷ್ಟರಲ್ಲಿ ಅವರು ತಿರುಗಿ ನನ್ನ ಮುಖ ನೋಡಿದರು. ಮಕ್ಕಳಿಗೆ ಹೊಸ ಬಟ್ಟೆ ತೊಡಿಸಿ ಕನ್ನಡಿಯ ಮುಂದೆ ನಿಲ್ಲಿಸಿದ ತಾಯಂದಿರು ನೋಡುವ ಹಾಗಿತ್ತು ಆ ನೋಟ. ಬದುಕುವ ಖಾತ್ರಿಯಿಲ್ಲದ ಮನುಷ್ಯ ತನ್ನಲ್ಲಿ ಉಳಿದ ಒಂದೇ ಗುಟ್ಟನ್ನು ನನಗೆ ಕೊಡಲು ಬಂದಿದ್ದಾನೆ; ಅದು ನನಗೆ ಮೊದಲೇ ಗೊತ್ತು ಎಂದರೆ ಅವನ ಕೈ ಬರಿದಾಗುತ್ತದೆ. ಕಾಲೇಜಿನ ನಾಟಕದಲ್ಲಿ ದೂತನ ಪಾತ್ರಕ್ಕಿದ್ದ ಒಂದೇ ಮಾತನ್ನೂ ಮರೆತು ನಿಂತ ಖ್ಯಾತಿ ನನ್ನದು. ಆದರೂ ಬಂಡೆಯ ಸಂದಿಯಲ್ಲಿ ಗಿಡ ಕಂಡಾಗ ‘ಅಬ್ಬಾ, ಇಂಥ ಜಾಗ ಇಲ್ಲಿತ್ತೇ ಗೌಡ್ರೇ!’ ಎಂದು ಕಣ್ಣರಳಿಸಿದೆ. ಅಭಿನಯಕ್ಕೆ ದ್ರೋಹ ಬಗೆದದ್ದು ಕಾಲು. ಹುಲ್ಲಿನ ಮರೆಯ ಗುಂಡಿ ಇದೆ ಎಂದು ಅವರು ಎಚ್ಚರಿಸುವ ಮೊದಲೇ ಅದು ಅಭ್ಯಾಸಬಲದಿಂದ ಗುಂಡಿಯನ್ನು ದಾಟಿಬಿಟ್ಟಿತ್ತು.

‘ಕಾಲು ಚುರುಕಾಗಿ ಅದೆ ಕಣ್ರೀ ನಿಮ್ದು’ ಎಂದರು ಗೌಡರು. ಅಷ್ಟೇ.

ಆಮೇಲೆ ಬಂಡೆಗೆ ಒರಗಿ ಕೂತು ಅವರು ನನಗೆ ಪಾಠ ಮಾಡಿದರು. ಸೀತಾಫಲದ ಮೈಮೇಲಿನ ಗುಬುಟುಗಳ ನಡುವಿನ ಗೆರೆ ಅಗಲವಾಗಿ ಬೆಳ್ಳಗಾದರೆ ಕಾಯಿ ಕಣ್ಣು ಬಿಟ್ಟಿತು ಎನ್ನುತ್ತಾರೆ. ಅಂಥದನ್ನು ಕಿತ್ತು ಹುಲ್ಲಿನಲ್ಲಿ ಮುಚ್ಚಿಟ್ಟರೆ ಹಣ್ಣಾಗುತ್ತದೆ. ಮುಂಚೆಯೇ ಕಿತ್ತರೆ ಕರ್ರಗೆ ಕಲ್ಲಾಗುತ್ತದೆ. ಇದೆಲ್ಲ ನನಗೂ ಗೊತ್ತಿತ್ತು, ಕಾಯುವ ತಾಳ್ಮೆ ಇರಲಿಲ್ಲ. ಕೋತಿ ಕಿತ್ತುಬಿಟ್ಟರೆ ಎಂಬ ಭಯಕ್ಕೆ ಅವಸರಪಡುತ್ತಿದ್ದೆ.

‘ಇಲ್ಲೊಂದು ಮುದಿ ಕೋತಿ ಬತ್ತದೆ ಮೇಷ್ಟ್ರೇ, ಅದ್ರ ಮೇಲೊಂದು ಕಣ್ಣಿಡಿ’ ಎಂದರು ಅವರು. ‘ಕಣ್ಣು ಬುಡದೇ ಇರೋ ಕಾಯ್ನೆಲ್ಲ ಕಿತ್ತಾಕ್ಬುಡ್ತದೆ. ಬುದ್ಧಿಗೆಟ್ಟದ್ದು.’

ಓಡಿಸುತ್ತೇನೆ ಬಿಡಿ ಎಂದು ಮಾತು ಕೊಟ್ಟೆ. ನನ್ನ ಬಗ್ಗೆ ಇಷ್ಟು ನಿಷ್ಪಕ್ಷಪಾತವಾದ ವಿಮರ್ಶೆಯನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಗೌಡರು ಆಸ್ಪತ್ರೆ ಸೇರಿದರು. ಬೋರೆಯ ಮೇಲೆ ಕಾಯಿಗಳು ಕಣ್ಣು ಬಿಡುವ ಹೊತ್ತು ಅದು. ಈಗ ಎದುರಾಳಿ ಇಲ್ಲ, ಅವಸರವಿಲ್ಲ, ಗಿಡ ಪೂರ್ತಿ ನನ್ನದು. ಹುಣಸೂರು ಸೀಮೆಯ ಯಾವ ಹಣ್ಣುಬಾಕನಾದರೂ ಅಸೂಯೆಪಡುವ ಸ್ಥಿತಿ. ಆಪರೇಷನ್ನಿನ ಮಾರನೆಯ ದಿನ ಚೀಲ ಹಿಡಿದುಕೊಂಡು ಹೋದವನು ಗಿಡದ ಮುಂದೆ ನಿಂತೆ. ಗೌಡರು ಇನ್ನೂ ಕಣ್ಣು ಬಿಟ್ಟಿಲ್ಲ ಎಂದು ಬೆಳಿಗ್ಗೆ ಅವರ ಮಗ ಫೋನಿನಲ್ಲಿ ಹೇಳಿದ್ದ. ಕಾಯಿಗೆ ಕೈ ಹಾಕಿದೆ, ತೆಗೆದೆ. ಆ ಹೊತ್ತಿನಲ್ಲಿ ಒಂದೇ ಒಂದು ಕಾಯಿ ಕಿತ್ತರೂ ಅವರು ಇಲ್ಲವಾದರೆಂದು ನಾನು ಒಪ್ಪಿಕೊಂಡ ಹಾಗೆ ಎನ್ನಿಸಿತು. ಯಾರದೂ ಅಲ್ಲದ್ದನ್ನು ಮನುಷ್ಯ ಎಷ್ಟು ಬೇಕಾದರೂ ನಿಶ್ಚಿಂತೆಯಿಂದ ಕೀಳಬಹುದು. ಯಾರೋ ಪ್ರೀತಿಯಿಂದ ಕೊಟ್ಟದ್ದನ್ನು ಕೀಳುವುದು ಅಷ್ಟು ಸುಲಭವಲ್ಲ. ಇದು ನನಗೆ ಹೆದರಿಕೆಯಲ್ಲಿ ಹೊಳೆದ ಮಾತು, ತತ್ತ್ವವೆಂದು ಯಾರೂ ಭಾವಿಸಬೇಕಾಗಿಲ್ಲ. ಖಾಲಿ ಚೀಲ ಮಡಿಸಿಕೊಂಡು ಬಂದೆ. ಆ ಸಂಜೆ ಗೌಡರಿಗೆ ಎಚ್ಚರವಾಯಿತೆಂದು ಫೋನ್ ಬಂತು. ಆದರೆ ಅವರು ಮನೆಗೆ ಬಂದು, ಚೇತರಿಸಿಕೊಂಡು, ಹಜಾರದಲ್ಲಿ ಅಡ್ಡಾಡುವ ಹೊತ್ತಿಗೆ ಬೋರೆಯ ಹಣ್ಣು ಗಿಡದಲ್ಲೇ ಒಡೆದು ಹಕ್ಕಿಗಳ ಪಾಲಾಗಿತ್ತು. ಆ ವರ್ಷ ನಮ್ಮ ಮನೆಯಲ್ಲಿ ಸೀತಾಫಲ ತಿನ್ನಲಿಲ್ಲ.

ಹೋದ ಶರತ್ಕಾಲದಲ್ಲಿ ಗೌಡರೇ ಫೋನ್ ಮಾಡಿ, ಬೋರೆ ಕಡೆ ಹೋಗಿಬರೋಣವೇ ಎಂದು ಕೇಳಿದರು. ಇಬ್ಬರೂ ಅಲ್ಲಲ್ಲಿ ಕೂತು ಸುಧಾರಿಸಿಕೊಳ್ಳುತ್ತಾ ಹತ್ತಿದೆವು. ಗಿಡಗಳು ಹೊರಲಾರದಷ್ಟು ಕಾಯಿ ಹೊತ್ತಿದ್ದವು. ಕೆಳಗಿನ ಕೊಂಬೆಗಳಲ್ಲೇ ಕಣ್ಣು ಬಿಟ್ಟವು ಬೇಕಾದಷ್ಟಿದ್ದವು. ಗೌಡರು ಹತ್ತಿರ ಹೋದರು, ಕೈ ಎತ್ತಿದರು, ಏನೋ ನೆನಪಾದವರಂತೆ ಕೈ ಇಳಿಸಿ ನನ್ನ ಕಡೆ ತಿರುಗಿದರು.

‘ಮೇಷ್ಟ್ರೇ, ಒಂದ್ನಾಕು ಕಾಯಿ ಕಿತ್ಕಳ್ಳಾ?’

ಮುಖದಲ್ಲಿ ತಮಾಷೆಯ ಸುಳಿವಿರಲಿಲ್ಲ. ಒಮ್ಮೆ ಕೊಟ್ಟಮೇಲೆ ಅದು ನನ್ನದು, ಕೇಳದೆ ಕೀಳುವುದು ತಪ್ಪು, ಅಷ್ಟೇ ಅವರ ಲೆಕ್ಕ. ‘ಅಯ್ಯೋ, ನಿಮ್ಮದೇ ಅಲ್ಲವೇ’ ಎಂಬ ಸೌಜನ್ಯದ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹಾಗೆಂದಿದ್ದರೆ ಅವರು ಸಾವಿಗೆ ಹೆದರಿ ಕೂತಿದ್ದಾಗ ಕೊಟ್ಟದ್ದನ್ನು ಸುಖದ ದಿನದಲ್ಲಿ ಹಿಂದಕ್ಕೆ ತಳ್ಳಿದಂತಾಗುತ್ತಿತ್ತು. ಗಂಟಲು ಸರಿಮಾಡಿಕೊಂಡೆ. ಜೀವಮಾನದಲ್ಲಿ ಒಂದು ಸೈಟಿಗೂ ಒಡೆಯನಾಗದ ನಾನು ಬೋರೆಯ ಯಜಮಾನನಂತೆ ಸೊಂಟದ ಮೇಲೆ ಕೈಯಿಟ್ಟು ನಿಂತೆ. ಆ ಗಳಿಗೆಯಲ್ಲಿ ನನಗಾದಷ್ಟು ಸಂತೋಷ ನನ್ನ ಹೆಸರಿನ ಯಾವ ಆಸ್ತಿಯಿಂದಲೂ ಆಗುತ್ತಿರಲಿಲ್ಲ.

‘ಕಿತ್ತುಕೊಳ್ಳಿ ಗೌಡ್ರೇ, ಕೆಳಗಿನವು ಎಷ್ಟು ಬೇಕಾದರೂ ಕಿತ್ತುಕೊಳ್ಳಿ’ ಎಂದೆ. ‘ಮೇಲಕ್ಕೆ ಮಾತ್ರ ಹೋಗಬೇಡಿ.’